ಕುಯೆಲಾಪ್ ಗೋಡೆ ನೋಡಿ ಬಂದು ಅಪ್ಪನಿಗೆ

ಚಾಚಪೋಯಾಸ್, ಪೆರು
21 ಜುಲೈ 2024

ಅಪ್ಪನಿಗೆ ನಮಸ್ಕಾರಗಳು.

ನಾನಿಲ್ಲಿ ಕ್ಷೇಮ. ನೀವು, ಅಮ್ಮ, ಪುಟ್ಟಿ ಎಲ್ಲ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ಫೋನಿನಲ್ಲಿ ಹೇಳಲು ಹೋದರೆ ಅರ್ಧಕ್ಕೇ ಕಟ್ ಆಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಅಮ್ಮನಿಗೂ ಓದಿ ಹೇಳಿ.

ನಾಲ್ಕು ದಿನ ರಜ ಸಿಕ್ಕಿತ್ತು. ಲೀಮಾದಿಂದ ಉತ್ತರಕ್ಕೆ ಬಂದು ಕುಯೆಲಾಪ್ ಅನ್ನುವ ಕೋಟೆ ನೋಡಿದೆ. ಬೆಟ್ಟದ ನೆತ್ತಿಯ ಮೇಲೆ, ಸುಮಾರು 3,000 ಮೀಟರ್ ಎತ್ತರದಲ್ಲಿದೆ. 2017ರಿಂದ ಕೇಬಲ್ ಕಾರ್ ಇದೆ, ಇಪ್ಪತ್ತು ನಿಮಿಷದಲ್ಲಿ ಕಣಿವೆ ದಾಟಿಸುತ್ತದೆ. ಕೆಳಗೆ ನೋಡಿದರೆ ಎದೆ ಝಲ್ ಅನ್ನುತ್ತದೆ. ಅಮ್ಮನನ್ನು ಕರೆತಂದರೆ ಕಣ್ಣು ಮುಚ್ಚಿಕೊಂಡೇ ಕೂರುತ್ತಾಳೆ.

ಮೇಲೆ ಹೋದಾಗ ಬರೀ ಮಂಜು. ಅದು ಸರಿದ ಮೇಲೆ ಗೋಡೆ ಕಾಣಿಸಿತು. ಅಪ್ಪ, ಕೆಲವು ಕಡೆ ಇಪ್ಪತ್ತು ಮೀಟರ್ ಎತ್ತರ! ಉದ್ದ ಹತ್ತಿರ ಹತ್ತಿರ 600 ಮೀಟರ್. ಕಟ್ಟಿದವರು ಚಾಚಪೋಯ ಜನ, ಇಂಕಾಗಳಿಗಿಂತ ಹಿಂದಿನವರು. 6ನೇ ಶತಮಾನದ ಸುಮಾರಿಗೆ ಶುರು ಮಾಡಿ ತಲೆತಲಾಂತರ ಕಟ್ಟುತ್ತಲೇ ಹೋದರಂತೆ. 15ನೇ ಶತಮಾನದಲ್ಲಿ ಇಂಕಾಗಳು ಈ ಸೀಮೆ ಗೆದ್ದರು, ಆಮೇಲೆ ಸ್ಪೇನಿನವರು ಬಂದರು. 1570ರ ಹೊತ್ತಿಗೆ ಇಲ್ಲಿ ಜನವೇ ಇಲ್ಲ.

ನೀವಾಗಿದ್ದರೆ ಮೊದಲು ಕಲ್ಲು ಮುಟ್ಟಿ ನೋಡುತ್ತಿದ್ದಿರಿ. ಸುಣ್ಣಕಲ್ಲು. ಮುಖ ಚೊಕ್ಕ ಮಾಡಿ ಸಾಲಾಗಿ ಕೂರಿಸಿದ್ದಾರೆ, ನಡುವೆ ಬರೀ ಮಣ್ಣಿನ ಗಾರೆ. ಒಂದು ಕಡೆ ಸಂದಿಯಲ್ಲಿ ಬೆರಳಷ್ಟು ದಪ್ಪದ ಚಕ್ಕೆ ಸಿಕ್ಕಿಸಿದ್ದು ಕಾಣಿಸಿತು. ನೀವು ಸುತ್ತಿಗೆ ಹಿಂಬದಿಯಿಂದ ಕುಟ್ಟಿ ಕೂರಿಸುತ್ತೀರಲ್ಲ, ಥೇಟ್ ಹಾಗೇ. ಅದರ ಮುಂದೆ ಜಾಸ್ತಿ ಹೊತ್ತು ನಿಂತುಬಿಟ್ಟೆ.

ಒಳಗೆ ಹೋಗಲು ಮೂರೇ ಬಾಗಿಲು. ಬಾಗಿಲು ಅಂದರೆ ಎರಡು ಎತ್ತರದ ಗೋಡೆಗಳ ನಡುವಿನ ಏರು ದಾರಿ. ಹೋಗ್ತಾ ಹೋಗ್ತಾ ಕಿರಿದಾಗಿ, ಕೊನೆಗೆ ಒಬ್ಬ ಮಾತ್ರ ಹೋಗುವಷ್ಟು ಜಾಗ. ನನಗೆ ನಮ್ಮ ದುರ್ಗದ ಓಬವ್ವನ ಕಿಂಡಿ ನೆನಪಾಯಿತು. ಒಳಗೆ ನಾನೂರಕ್ಕೂ ಹೆಚ್ಚು ದುಂಡು ಮನೆಗಳ ಅಡಿಪಾಯ. ಕೆಲವು ಗೋಡೆಗಳ ಮೇಲೆ ಕಲ್ಲಿನಲ್ಲೇ ಬರ್ಫಿ ತುಂಡಿನಂಥ ಓರೆ ಚೌಕಗಳನ್ನು ಜೋಡಿಸಿದ್ದಾರೆ. ಒಂದು ಮನೆಯಲ್ಲಿ ಅರೆಯುವ ಕಲ್ಲು ಹಾಗೇ ಇದೆ, ನಡುವೆ ಸವೆದು ತಗ್ಗಾಗಿದೆ. ಪಕ್ಕದಲ್ಲಿ ನೆಲದೊಳಗೊಂದು ಸಣ್ಣ ಕಲ್ಲಿನ ಓಣಿ. ಅದು ಗಿನಿಪಿಗ್ ಸಾಕಲು, ಇಲ್ಲಿಯವರಿಗೆ ಅದು ಕೋಳಿ ಇದ್ದ ಹಾಗೆ.

ಈಗ ಮುಖ್ಯ ವಿಷಯ. 2022ರ ಏಪ್ರಿಲ್‌ನಲ್ಲಿ ಈ ಗೋಡೆಯ ಒಂದು ಭಾಗ ಕುಸಿದು ಬಿತ್ತು. ಕೋಟೆ ಮುಚ್ಚಿದರು. 2023ರ ಆಗಸ್ಟ್‌ನಲ್ಲಿ ಸ್ವಲ್ಪ ಭಾಗ ಮಾತ್ರ ತೆರೆದರು, ಬಿಟ್ಟ ದಾರಿಯಲ್ಲೇ ಹೋಗಬೇಕು. ಬೀಳಿಸಿದ್ದು ಮಳೆ. ಗೋಡೆಯ ಹಿಂದೆಲ್ಲ ಮಣ್ಣು ಕಲ್ಲು ತುಂಬಿ ಮಟ್ಟ ಮಾಡಿ, ಅದರ ಮೇಲೆ ಊರು ಕಟ್ಟಿದ್ದಾರೆ. ಆ ತುಂಬಿದ ಮಣ್ಣು ನೀರು ಕುಡಿದು ಗೋಡೆಯನ್ನು ಹೊರಗೆ ದೂಡಿದೆ. ಜನ ಇದ್ದಾಗ ನಾನೂರು ಮನೆಗೂ ಹುಲ್ಲಿನ ಸೂರು ಇತ್ತು. ನೆಲಕ್ಕೆ ಬೀಳುವ ಮಳೆಯನ್ನು ಆ ಸೂರುಗಳೇ ಎಷ್ಟೋ ತಡೆದಿರಬೇಕು ಅಂತ ನನಗನ್ನಿಸಿತು.

ಅಪ್ಪ, ಹೋದ ವರ್ಷ ಹಿತ್ತಲ ಗೋಡೆ ಹೊಟ್ಟೆ ಬಂದಿದೆ ಅಂತ ನೀವು ಹೇಳಿದಾಗ, ಸಿಮೆಂಟ್ ಬಳಿಸಿ ಮುಗಿಸಿ ಅಂತ ನಾನು ಜಗಳವೇ ಆಡಿದೆ. ದುಡ್ಡೂ ಕಳಿಸಿದೆ. 'ಸಂದಿಯೆಲ್ಲ ಮುಚ್ಚಿದರೆ ಹಿಂದಿನ ನೀರು ಎಲ್ಲಿಗೆ ಹೋಗಬೇಕೋ?' ಅಂದಿರಿ. ನಾನು ಕೇಳಲಿಲ್ಲ, ಎರಡು ವಾರ ಸರಿಯಾಗಿ ಮಾತೂ ಆಡಲಿಲ್ಲ. ಆ ಮಾತು ನಿನ್ನೆ ಆ ಗೋಡೆಯ ಕೆಳಗೆ ನಿಂತಾಗ ಅರ್ಥವಾಯಿತು. ತಪ್ಪು ನನ್ನದೇ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಆ ದುಡ್ಡು ಹಾಗೇ ಇದೆ ಅಂತ ಅಮ್ಮ ಹೇಳಿದಳು. ಸೈಜುಗಲ್ಲು ತರಿಸಿ, ನಿಮ್ಮ ಥರಾನೇ ಬಿಚ್ಚಿ ಕಟ್ಟಿಸಿ, ಕೆಳಗೆ ನೀರಿನ ಕಿಂಡಿ ಬಿಡಿಸಿ. ನೀವೇ ಕಲ್ಲು ಎತ್ತಲು ಹೋಗಬೇಡಿ, ಸೊಂಟ ನೋಡಿಕೊಳ್ಳಿ. ಆದರೆ ಒಂದು ಮೂಲೆ ಹಾಗೇ ಬಿಟ್ಟಿರಿ. ಡಿಸೆಂಬರ್‌ನಲ್ಲಿ ಬರುತ್ತೇನೆ, ತೂಗುಗುಂಡು ನೀವು ಹಿಡಿಯಿರಿ, ಚಕ್ಕೆ ನಾನು ಕೂರಿಸುತ್ತೇನೆ.

ಇಂತಿ ನಿಮ್ಮ ಮಗ