ಪಿಎಸ್‌ಐ ಆಗಲಿರುವ ಮಗಳಿಗೆ

ಪುಟ್ಟಿ,

ನಾಳೆ ಬೆಳಗಿನ ಬಸ್ಸಿಗೆ ನೀನು ಟ್ರೇನಿಂಗಿಗೆ ಮೈಸೂರಿಗೆ ಹೊರಡುತ್ತೀಯ. ಬಸ್ ಸ್ಟ್ಯಾಂಡಿನಲ್ಲಿ ನಿಮ್ಮಮ್ಮ ಅಳುತ್ತಾಳೆ, ನಾನು ಲಗೇಜು ಎಣಿಸುತ್ತಾ ನಿಂತಿರುತ್ತೇನೆ. ಮಾತಾಡೋಕೆ ಆಗುವುದಿಲ್ಲ. ಅದಕ್ಕೇ ಬರೆದು ಬ್ಯಾಗಿನಲ್ಲಿ ಇಟ್ಟಿದ್ದೇನೆ.

ಮೊನ್ನೆಯ ಜಗಳ ಮತ್ತೆ ಕೆದಕುವುದಿಲ್ಲ. ಹೆಲ್ಮೆಟ್ ಇಲ್ಲದೆ ಸಿಕ್ಕಿಬಿದ್ದ ನಿನ್ನ ತಮ್ಮ "ನಮ್ಮಕ್ಕ ಪಿಎಸ್‌ಐ" ಅಂದು ದಂಡ ಕಟ್ಟದೆ ಬಂದ. ನೀನು ವಾಪಸ್ ಕರೆದುಕೊಂಡು ಹೋಗಿ 500 ರೂಪಾಯಿ ಕಟ್ಟಿಸಿದೆ. "ಇನ್ನೂ ಯೂನಿಫಾರ್ಮೇ ಹಾಕಿಲ್ಲ, ಆಗಲೇ ಇಷ್ಟು ಜೋರಾ" ಅಂದಳು ನಿಮ್ಮಮ್ಮ. ನಾನು ಸುಮ್ನೆ ಕೂತಿದ್ದೆ. ಆ ಹೊತ್ತಿಗೆ ನನ್ನ ತಲೆಯಲ್ಲಿ ಓಡುತ್ತಿದ್ದವನು ಗಾವೊ ಚಿಚಿಯಾಂಗ್.

ನಗಬೇಡ. ರಿಸಲ್ಟಿಗೆ ಕಾಯುತ್ತಾ 'ದಿ ನಾಕೌಟ್' ಅನ್ನೋ ಆ ಚೀನಾ ಸೀರಿಯಲ್ ಹಾಕಿಕೊಂಡು ಕೂತವಳು ನೀನೇ. 39 ಎಪಿಸೋಡು. ಸಬ್‌ಟೈಟಲ್ ಓಡುವ ವೇಗಕ್ಕೆ ನನ್ನ ಕಣ್ಣು ಸಾಲದೆ ನೀನು ಓದಿ ಹೇಳುತ್ತಿದ್ದೆ. ಹೆಸರು ಬಾಯಿಗೆ ಬರದೆ ನಾನು ಮೀನು ಮಾರುತ್ತಿದ್ದ ಗಾವೊನನ್ನು ಮೀನಿನವನು, ಪೊಲೀಸ್ ಆನ್ ಶಿನ್‌ನನ್ನು ಬಿಳಿಕೂದಲು ಅನ್ನುತ್ತಿದ್ದೆ. 2023ರಲ್ಲಿ ಅದು ಬಂದಾಗ ಶೂಟಿಂಗ್ ನಡೆದ ಜಿಯಾಂಗ್‌ಮೆನ್‌ಗೆ ಜನ ಮುಗಿಬಿದ್ದು ಹೋಗಿ, ಮೀನಿನವನು ತಿಂದ ಹಂದಿಕಾಲಿನ ನೂಡಲ್ಸ್ ತಿಂದು ಬರುತ್ತಿದ್ದರಂತೆ. ವಿಲನ್ ತಿಂದದ್ದನ್ನು ಹುಡುಕಿಕೊಂಡು ಹೋಗಿ ತಿನ್ನುತ್ತಾರೆ ಅಂದರೆ ಜನಕ್ಕೆ ಏನನ್ನಬೇಕು!

ಮೀನಿನವನು ದೊಡ್ಡ ಗ್ಯಾಂಗಿನ ಯಜಮಾನ ಆಗಿದ್ದು, ಕೊಲೆ, ಕಂಪನಿ, ಕೋಟು ಎಲ್ಲ ಆಮೇಲಿನ ಮಾತು. ನನ್ನನ್ನು ಬಿಡದೆ ಕಾಡುವುದು ಶುರುವಿನ ಆ ರಾತ್ರಿ. 2000ನೇ ಇಸವಿ, ಅವರ ಹೊಸವರ್ಷದ ಹಿಂದಿನ ದಿನ. ಮಾರ್ಕೆಟ್ಟಿನ ರೌಡಿ ಅಣ್ಣತಮ್ಮಂದಿರ ಕೈಲಿ ಒದೆ ತಿಂದ ಮೀನಿನವನು ಸ್ಟೇಷನ್ನಿನಲ್ಲಿ ಕೂತಿದ್ದಾನೆ. ಹಬ್ಬದ ದಿನ ಹಸಿದಿರಬಾರದು ಅಂತ ಹುಡುಗ ಪೊಲೀಸ್ ಆನ್ ಶಿನ್ ಡಂಪ್ಲಿಂಗ್ ಕೊಡುತ್ತಾನೆ, ನಮ್ಮ ಕಡುಬಿನ ಥರದ್ದು. ಅವನು ತಿನ್ನುತ್ತಾ ಅಳುತ್ತಾನೆ. ಅಷ್ಟೇ. ಇದರಲ್ಲಿ ತಪ್ಪೇನಿದೆ ಹೇಳು? ನೀನಾದರೂ ಅದನ್ನೇ ಮಾಡುತ್ತೀಯ. ಮಾಡಲೂಬೇಕು.

ಆಮೇಲೆ ನೋಡು. ಆನ್ ಶಿನ್ ಮಾರ್ಕೆಟ್ಟಿಗೆ ಬಂದು ಇವನ ಯೋಗಕ್ಷೇಮ ವಿಚಾರಿಸುತ್ತಾನೆ. ರೌಡಿಗಳು ಮೆತ್ತಗಾಗುತ್ತಾರೆ. ಪೊಲೀಸು ಇವನ ಕಡೆಯವನಂತೆ ಅಂತ ಸುದ್ದಿ ಹಬ್ಬುತ್ತದೆ. ಅಲ್ಲ ಅನ್ನುವ ಗೋಜಿಗೆ ಮೀನಿನವನು ಹೋಗುವುದಿಲ್ಲ. ಆನ್ ಶಿನ್ ಒಂದು ಕಾಸು ಮುಟ್ಟಿಲ್ಲ. ಆದರೂ ಅವನ ಹೆಸರು ಅವನಿಗೇ ಗೊತ್ತಿಲ್ಲದೆ ಮಾರ್ಕೆಟ್ಟಿನಲ್ಲಿ ಚಲಾವಣೆಗೆ ಬಂತು. ಆಮೇಲೆ ಮೀನಿನವನು ಯಾರದೋ ಒಂದು ಸಣ್ಣ ಕೆಲಸಕ್ಕೆ ಹೋದ, ಆ ಗಲಾಟೆಯಲ್ಲಿ ಒಬ್ಬ ಹುಡುಗನ ಸಾವು. ಮೀನಿನವನ ಸಂಸಾರ ಹಿಂದೆ ತಿರುಗಲೇ ಇಲ್ಲ.

ಅಪ್ಪ ಅಮ್ಮ ಇಲ್ಲದ ತಮ್ಮ ತಂಗಿಯನ್ನು ಸಾಕಿದವನು ಅವನು. ಒಂದೇ ಬಟ್ಟಲು ನೂಡಲ್ಸನ್ನು ಮೂವರಿಗೆ ಹಂಚಿ ತಾನು ಸಾರು ಕುಡಿದವನು. ಅಂಥವನೇ ತಮ್ಮನ ತಪ್ಪನ್ನೆಲ್ಲ ಹೊಟ್ಟೆಗೆ ಹಾಕಿಕೊಂಡ. ತಮ್ಮ ಅಣ್ಣನನ್ನೂ ಮೀರಿಸಿದ. ನೀನು ದಂಡ ಕಟ್ಟಿಸಿದ್ದು ಸರಿ ಪುಟ್ಟಿ. ಆದರೆ ರಸೀದಿಯನ್ನು ಫ್ರಿಡ್ಜಿಗೆ ಅಂಟಿಸಿದ್ದು ಜಾಸ್ತಿ ಆಯಿತು. ಮೈಸೂರು ಮುಟ್ಟಿದ ಮೇಲೆ ಮೊದಲ ಫೋನು ನಿನ್ನ ತಮ್ಮನಿಗೇ ಮಾಡು.

ನನ್ನ ಹೆದರಿಕೆ ನಮ್ಮದೇ ಬಗ್ಗೆ. ಅಂಗಡಿಯಲ್ಲಿ ಸಾಲ ಬರೆಸಿ ತಲೆತಪ್ಪಿಸಿಕೊಂಡು ಓಡಾಡುತ್ತಿದ್ದ ಒಬ್ಬ ಮೊನ್ನೆ ತಾನಾಗೇ ಬಂದು ಬಾಕಿ ಎಣಿಸಿ ಕೊಟ್ಟ. "ಮೇಡಂ ಆರಾಮಾ?" ಅಂದ. ನನಗೆ ಖುಷಿಯಾಯಿತು. ರಾತ್ರಿ ಲೆಕ್ಕ ಬರೆಯುವಾಗ ಆ ಖುಷಿ ಯಾತಕ್ಕೆ ಅಂತ ಹೊಳೆದು, ಪೆನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಹಾಗೇ ಕೂತೆ.

ಅದಕ್ಕೇ ಹೇಳುತ್ತೇನೆ. "ನಿಮ್ಮ ತಂದೆ ಕಳಿಸಿದರು" ಅಂತ ಯಾರೇ ಬಂದರೂ ನಂಬಬೇಡ. ಕಳಿಸಿದ್ದು ನಾನೇ ಆಗಿದ್ದರೂ ಕೆಲಸ ಮಾಡಿಕೊಡಬೇಡ. ಕರೆದವರ ಗೃಹಪ್ರವೇಶಕ್ಕೆಲ್ಲ ಹೋಗಬೇಡ. ಸೆಲ್ಫಿ ಕೊಡಬೇಡ, ಫ್ರೇಮ್ ಹಾಕಿಸಿ ಗಲ್ಲಾಪೆಟ್ಟಿಗೆ ಮೇಲೆ ನೇತುಹಾಕುತ್ತಾರೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ಭಾಷಣ ಆಯಿತು ಅಲ್ವಾ? ಇನ್ನೂ ಇದೆ.

ಆನ್ ಶಿನ್ ಕೂದಲು ಯಾಕೆ ಬೆಳ್ಳಗಾಯಿತು? ಮೇಲಿನವರೇ ಗಾವೊಗೆ ನೆರಳಾಗಿದ್ದರು. ಜೊತೆಗಿದ್ದ ಗೆಳೆಯ ಸತ್ತ. ಗುರು ಅಂದುಕೊಂಡವನೇ ಕೈಕೊಟ್ಟ. ಇವನನ್ನು ಟ್ರಾಫಿಕ್ಕಿಗೆ ಹಾಕಿದರು. ಇಷ್ಟಪಟ್ಟ ಹುಡುಗಿ ಬೇರೆಯವನನ್ನು ಮದುವೆಯಾದಳು, ಇವನು ಒಂಟಿಯಾಗೇ ಉಳಿದ. (ನಿಮ್ಮಮ್ಮನಿಗೆ ಈ ಭಾಗ ಹೇಳಿಲ್ಲ.) 2021ರಲ್ಲಿ ಹೊರಗಿನ ತನಿಖಾ ತಂಡ ಬಂದ ಮೇಲೇ ಎಲ್ಲ ಅಲುಗಿದ್ದು. 2018ರಲ್ಲಿ ಚೀನಾ ಸರ್ಕಾರ ನಿಜವಾಗಿಯೂ ಗ್ಯಾಂಗುಗಳ ಮೇಲೆ ಮೂರು ವರ್ಷದ ಅಭಿಯಾನ ಶುರು ಮಾಡಿತ್ತು ಅಂದೆಯಲ್ಲ. ಸರ್ಕಾರಿ ಟಿವಿಯಲ್ಲಿ ಬಂದ ಕಥೆ, ಕೊನೆಗೆ ಪೊಲೀಸರು ಗೆಲ್ಲಲೇಬೇಕು. ನಿನಗೆ ಅಂಥ ತಂಡ ಬರುತ್ತದೋ ಇಲ್ಲವೋ. ಈಗಲೇ ನಿನ್ನ ಕೂದಲು ಉದುರುತ್ತಿದೆ, ಭಾನುವಾರ ಎಣ್ಣೆ ಹಚ್ಚಿಕೋ.

ಲಿಸ್ಟಿನಲ್ಲಿ ನಿನ್ನ ಹೆಸರು ಬಂದ ದಿನ ಅಂಗಡಿಗೆ ಬಂದವರಿಗೆಲ್ಲ ಮೈಸೂರ್ ಪಾಕ್ ಹಂಚಿದೆ. ನಿನಗೆ ಬಾಯಿಬಿಟ್ಟು ಏನೂ ಹೇಳಲಿಲ್ಲ. ಹೆಮ್ಮೆ ಇದೆ ಮಗಳೇ, ಬೇಜಾನ್ ಇದೆ.

ಇನ್ನೊಂದು ಮಾತು. ಮೈಸೂರಿನಲ್ಲಿರುವ ನಿಮ್ಮ ದೊಡ್ಡಪ್ಪನ ಅಳಿಯ ಊಟಕ್ಕೆ ಕರೆಯುತ್ತಾರೆ. ಅವರದೊಂದು ಸೈಟಿನ ತಕರಾರು ಸ್ಟೇಷನ್ ಮೆಟ್ಟಿಲು ಹತ್ತಿದೆ. ಹೊಟ್ಟೆ ಸರಿಯಿಲ್ಲ ಅನ್ನು, ಪರೇಡ್ ಇದೆ ಅನ್ನು. ಹೋಗಬೇಡ.

ಇಂತಿ,
ನಿನ್ನ ಅಪ್ಪ