7ನೇ ತರಗತಿಯ ಪಾಲಕರಿಗೆ: ಇಂಗ್ಲಿಷ್ ಜೋಡಿ ಶಬ್ದಗಳ ಓದು

ಬಾಗಲಕೋಟೆ

ಮಾನ್ಯ ಪಾಲಕರಿಗೆ ನಮಸ್ಕಾರ.

ಈ ತಿಂಗಳು ಇಂಗ್ಲಿಷಿನ ಜೋಡಿ ಶಬ್ದಗಳನ್ನು, ಅಂದರೆ ಎರಡು ಶಬ್ದ ಸೇರಿ ಒಂದಾದವನ್ನು, ಬಿಡಿಸಿ ಓದುವ ಪಾಠ ನಡೆದಿದೆ. ಮಕ್ಕಳು ಮನೆಯಲ್ಲಿ ಚಪ್ಪಾಳೆ ತಟ್ಟುತ್ತ ಓದಿದರೆ ಗದರಿಸಬೇಡಿ, ಅದೂ ಹೋಮ್‌ವರ್ಕೇ.

ಒಂದು ಸಿಲಬಲ್‌ಗೆ ಒಂದು ಚಪ್ಪಾಳೆ. ಒಂದು ಸ್ವರ, ಅದಕ್ಕೆ ಹಿಂದೆಮುಂದೆ ಅಂಟಿಕೊಂಡ ವ್ಯಂಜನಗಳು ಸೇರಿ ಒಂದು ಸಿಲಬಲ್. ಮಕ್ಕಳು ಕನ್ನಡದಲ್ಲಿ ಬರೆಯುವ ಅಕ್ಷರ ಎಣಿಸಿ ಎಡವುತ್ತಾರೆ: ‘ಬ್ಲ್ಯಾಕ್‌ಬೋರ್ಡ್’ಗೆ ಬ್ಲ್ಯಾ, ಕ್, ಬೋ, ರ್ಡ್ ಎಂದು ನಾಲ್ಕು ಸಲ ತಟ್ಟುತ್ತಾರೆ. ಇರುವುದು ಎರಡೇ. ಕನ್ನಡ ಪದ್ಯಕ್ಕೆ ಪ್ರಸ್ತಾರ (ಲಘು-ಗುರು ಗುರುತು) ಹಾಕುವಾಗ ಕೊನೆಯ ವ್ಯಂಜನವನ್ನು ಹಿಂದಿನ ಅಕ್ಷರಕ್ಕೆ ಸೇರಿಸಿ ಗುರು ಎನ್ನುತ್ತೇವಲ್ಲ, ಇಲ್ಲಿಯೂ ಹಾಗೆಯೇ ಸೇರಿಸಬೇಕು. ಇನ್ನೊಂದು ತಪ್ಪು ನಮ್ಮ ನಾಲಿಗೆಯದು. ‘ಬೋರ್ಡು’ ಎಂದು ಉಕಾರ ಹಚ್ಚಿದರೆ ಒಂದು ಸಿಲಬಲ್ ಹೆಚ್ಚಾಯಿತು. ಅನುಮಾನ ಬಂದಾಗ ಗದ್ದದ ಕೆಳಗೆ ಅಂಗೈ ಹಿಡಿದು ನಿಧಾನ ಹೇಳಲಿ. ಗದ್ದ ಎಷ್ಟು ಸಲ ಇಳಿಯಿತೋ ಅಷ್ಟು ಚಪ್ಪಾಳೆ.

ಮೊದಲು ಬೆಸುಗೆಯ ಜಾಗದಲ್ಲಿ ಒಡೆಯಬೇಕು, ಒಳತುಂಡುಗಳನ್ನು ಆಮೇಲೆ. ಶುಗರ್‌ಕೇನ್ ಮೊದಲು ಶುಗರ್, ಕೇನ್. ಬಳಿಕ ಶು-ಗರ್-ಕೇನ್, ಮೂರು. ಸ್ಪೆಲಿಂಗ್ ನೋಡಿ ಎಣಿಸಿದರೆ ಕೇನ್ ಶಬ್ದದ ಕೊನೆಯ ‘ಇ’ ಮೋಸ ಮಾಡುತ್ತದೆ. ಅದಕ್ಕೆ ಉಚ್ಚಾರವಿಲ್ಲ, ಚಪ್ಪಾಳೆಯೂ ಇಲ್ಲ.

ಇನ್ನು ಒತ್ತು, ಅಂದರೆ ಸ್ಟ್ರೆಸ್. (ಒತ್ತಕ್ಷರವೆಂದು ತಿಳಿದು ದ್ವಿತ್ವ ಬರೆದು ತಂದ ಮಕ್ಕಳೂ ಇದ್ದಾರೆ.) ಒತ್ತು ಬಿದ್ದ ಸಿಲಬಲ್ ತುಸು ಉದ್ದ, ತುಸು ಗಟ್ಟಿ, ದನಿಯೂ ತುಸು ಏರು. ಕನ್ನಡದಲ್ಲಿ ಇಂಥ ಏರಿಳಿತದಿಂದ ಅರ್ಥ ಬದಲಾಗುವುದಿಲ್ಲ, ಅದಕ್ಕೇ ಇಂಗ್ಲಿಷನ್ನೂ ಸಪಾಟಾಗಿ ಓದುತ್ತಾರೆ. ನಾಮಪದವಾದ ಜೋಡಿ ಶಬ್ದಗಳಲ್ಲಿ ಒತ್ತು ಸಾಮಾನ್ಯವಾಗಿ ಮೊದಲ ಶಬ್ದಕ್ಕೆ. ‘ಗ್ರೀನ್’ ಮೇಲೆ ಒತ್ತಿದರೆ ಗ್ರೀನ್‌ಹೌಸ್ ಸಸಿ ಬೆಳೆಸುವ ಜಾಗ. ‘ಹೌಸ್’ ಮೇಲೆ ಒತ್ತಿದರೆ ಹಸಿರು ಬಣ್ಣ ಬಳಿದ ಮನೆ. ಆದರೆ ಆಫ್ಟರ್‌ನೂನ್‌ನಲ್ಲಿ ಒತ್ತು ‘ನೂನ್’ ಮೇಲೆ. ಸ್ಟೇಷನ್ ರೋಡ್ ಎನ್ನುವಾಗ ‘ರೋಡ್’ ಮೇಲೆ; ಅದೇ ಸ್ಟೇಷನ್ ಸ್ಟ್ರೀಟ್ ಎಂದಿದ್ದರೆ ಮತ್ತೆ ‘ಸ್ಟೇ’ ಮೇಲೆ! ಮಗು ಏಕೆಂದು ಕೇಳಿದರೆ ಅವರ ರೂಢಿ ಎನ್ನಿ.

ಡಿಕ್ಷನರಿಯಲ್ಲಿ ಒತ್ತಿನ ಗುರುತು ಮೇಲುಗಡೆ ನಿಂತ ಸಣ್ಣ ಗೆರೆ. ಅದು ಒತ್ತು ಬೀಳುವ ಸಿಲಬಲ್‌ಗಿಂತ ಮೊದಲೇ ಇರುತ್ತದೆ. ಮಕ್ಕಳು ಅದನ್ನು ಎಡಗಡೆಯ ಸಿಲಬಲ್‌ಗೆ ಹಚ್ಚಿಬಿಡುತ್ತಾರೆ.

ದಿನಕ್ಕೆ 5 ಶಬ್ದ, 10 ನಿಮಿಷ ಸಾಕು. ಇಂಗ್ಲಿಷ್ ಓದಲು ಬಾರದವರೂ ಚಪ್ಪಾಳೆ ಎಣಿಸಬಹುದು. ಪಟ್ಟಿ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿದೆ. ಶನಿವಾರ ಸಹಿ ಮಾಡಿ ಕಳಿಸಿರಿ.

ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು