ಭಾನುವಾರದ ಪ್ಲಾನ್: ಮೊದ್ಲು ಹಾಕಿ, ಆಮೇಲೆ ಸ್ಟಾರ್ ಟ್ರೆಕ್

ಎಲ್ರಿಗೂ ನಮಸ್ಕಾರ. ಈ ಭಾನುವಾರ ಸಂಜೆ ಮೊದ್ಲು 2024ರ ಪ್ಯಾರಿಸ್ ಒಲಿಂಪಿಕ್ಸ್ ಭಾರತ-ಬ್ರಿಟನ್ ಹಾಕಿ ಕ್ವಾರ್ಟರ್ ಫೈನಲ್ ಒಟ್ಟಿಗೆ ನೋಡೋಣ, ಅಮಿತ್ ರೋಹಿದಾಸ್‌ಗೆ ರೆಡ್ ಕಾರ್ಡ್ ಬಿದ್ಮೇಲೂ ಹತ್ತೇ ಜನ ನಿಂತು 1-1 ಉಳಿಸ್ಕೊಂಡು ಶೂಟೌಟಲ್ಲಿ 4-2 ಗೆದ್ರಲ್ಲ ಅದೇ ಮ್ಯಾಚು, ಗೋಲಲ್ಲಿ ಶ್ರೀಜೇಶ್ ಆಡಿದ್ದು ಎಷ್ಟ್ ಸಲ ನೋಡಿದ್ರೂ ಮೈ ಜುಮ್ ಅನ್ನತ್ತೆ.

ಆಮೇಲೆ ಸ್ಟಾರ್ ಟ್ರೆಕ್, ಬಾಹ್ಯಾಕಾಶ ನೌಕೆಯ ಕಥೆ ಹೇಳೋ ಅಮೆರಿಕದ ಟೀವಿ ಸೀರೀಸು. 1966ರಿಂದ 69ರ ತನಕ ಬಂದ ಒರಿಜಿನಲ್ ಸೀರೀಸು, ಮೂರೇ ಸೀಸನ್, 79 ಎಪಿಸೋಡು. ನೌಕೆಯ ಕ್ಯಾಪ್ಟನ್ ಕರ್ಕ್, ಅವನ ಜೊತೆಗಾರ ಸ್ಪಾಕ್ ಇಬ್ರೂ ಕಾಲದಲ್ಲಿ ಹಿಂದಕ್ಕೆ, 1930ರ ನ್ಯೂಯಾರ್ಕಿಗೆ ಹೋಗೋ ಎಪಿಸೋಡ್ ಹಾಕ್ತೀವಿ, ನನ್ ಪ್ರಕಾರ ಇಡೀ ಸೀರೀಸಲ್ಲೇ ಬೆಸ್ಟು. ಕೊನೇಲಿ ಏನಾಗತ್ತೆ ಅಂತ ದಯವಿಟ್ಟು ಯಾರೂ ಇಲ್ಲಿ ಬಾಯ್ಬಿಡ್ಬೇಡಿ, ಮೊದಲ್ನೇ ಸಲ ನೋಡೋರೂ ಇದಾರೆ. ಅಂದ್ಹಾಗೆ ನೌಕೆಯ ಎಂಜಿನಿಯರ್ ಸ್ಕಾಟಿ ಪಾತ್ರ ಮಾಡಿದ ಜೇಮ್ಸ್ ಡೂಹನ್ ಕೆನಡಾ ಸೈನ್ಯದಲ್ಲಿದ್ದೋರು, 1944ರಲ್ಲಿ ನಾರ್ಮಂಡೀಲಿ ಗುಂಡೇಟು ತಿಂದು ಬಲಗೈ ಮಧ್ಯದ ಬೆರಳು ಕಳ್ಕೊಂಡ್ರು, ಕ್ಯಾಮೆರಾ ಮುಂದೆ ಆ ಕೈ ಆದಷ್ಟು ಮರೆಮಾಡ್ತಿದ್ರು, ಗಮನಿಸಿ ನೋಡಿ.

ಕೊಡಗಿನವ್ರು ನಿಮ್ಮ ಕುಟುಂಬದ ಹಾಕಿ ಹಬ್ಬದ ಫೋಟೋ, ವಿಡಿಯೋ ಇದ್ರೆ ಖಂಡಿತ ತನ್ನಿ, ಮ್ಯಾಚ್ ಮುಗಿದ್ಮೇಲೆ ಟೀವೀಲೇ ಹಾಕೋಣ. ಬರೋರು ಶುಕ್ರವಾರದೊಳಗೆ ಇಲ್ಲೇ ಹೇಳ್ಬಿಡಿ, ಊಟಕ್ಕೆ ಲೆಕ್ಕ ಬೇಕು.